ಮೂರನೆಯ ಆಯ್ಕೆ

ಡಿಗ್ರಿ ಮುಗಿಸಿದ ವರ್ಷ ನನ್ನ ಜಂಭಕ್ಕೆ ಮಿತಿ ಇರಲಿಲ್ಲ. ಅರ್ಥಶಾಸ್ತ್ರದಲ್ಲಿ ಡಿಸ್ಟಿಂಕ್ಷನ್ ಬಂದಿತ್ತು. ಎಂ.ಎ. ಮಾಡಿದರೆ ವಿಶ್ವವಿದ್ಯಾನಿಲಯದ ಮುಖ್ಯ ಕ್ಯಾಂಪಸ್ಸಿನಲ್ಲೇ, ಹಾಸ್ಟೆಲ್ಲಿನಲ್ಲಿದ್ದುಕೊಂಡೇ ಎಂದು ಕಟಪಾಡಿಯ ಅರ್ಧ ಜನರಿಗಾದರೂ ಹೇಳಿಕೊಂಡು ತಿರುಗಿದ್ದೆ. ಅರ್ಜಿಯಲ್ಲಿ ಮೂರು ಆಯ್ಕೆಗಳನ್ನು ತುಂಬಬೇಕಿತ್ತು. ಮೊದಲೆರಡರಲ್ಲಿ ಮುಖ್ಯ ಕ್ಯಾಂಪಸ್ಸಿನ ವಿಭಾಗಗಳನ್ನು ಹಾಕಿದೆ. ಮೂರನೆಯದನ್ನು ಖಾಲಿ ಬಿಡಲು ಸೈಬರಿನ ಕಂಪ್ಯೂಟರ್ ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ ಕಾರ್ಕಳ ರಸ್ತೆಯಲ್ಲಿದ್ದ ಪ್ರಾದೇಶಿಕ ಕೇಂದ್ರವನ್ನು ಒತ್ತಿದೆ.

ಆ ಕೇಂದ್ರ ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಉಡುಪಿ–ಕಾರ್ಕಳ ಬಸ್ಸಿನ ಕಂಡಕ್ಟರ್. ಅವರ ಬಸ್ಸಿನಲ್ಲಿ ಹೋಗುವಾಗ ಎಷ್ಟೋ ಸಲ ನೋಡಿದ್ದೆ. ಹಾಸ್ಟೆಲ್ ಇಲ್ಲ, ಕ್ಯಾಂಟೀನ್ ಇಲ್ಲ, ಪಾಚಿ ಹಿಡಿದ ಎರಡು ಮಹಡಿಯ ಕಟ್ಟಡ. ಅಲ್ಲಿ ಓದುವವರೆಲ್ಲ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆಯೊಳಗೆ ಬಸ್ಸಿನಲ್ಲೇ ಮನೆ ಸೇರುವವರು. ಮಣಿಪಾಲದಲ್ಲಿ ಬಸ್ಸು ನಿಂತಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ವಿದ್ಯಾರ್ಥಿಗಳು ಇಳಿಯುತ್ತಿದ್ದರು. ಇಳಿಯದೆ ಮುಂದಕ್ಕೆ ಹೋಗುವವರನ್ನು ನಾನು ಆರಿಸಿ ಬಿಟ್ಟ ತರಕಾರಿಯಂತೆ ನೋಡುತ್ತಿದ್ದೆ.

ಸೀಟಿನ ಪಟ್ಟಿ ಬಂದಾಗ ನನಗೆ ಸಿಕ್ಕಿದ್ದು ಮೂರನೆಯದು.

"ಅಲ್ಲಿಯ ಮೇಷ್ಟ್ರೊಬ್ಬರು ನಮ್ಮ ಬಸ್ಸಿನಲ್ಲೇ ಬರುವುದು. ಒಳ್ಳೆಯ ಜನ. ಒಮ್ಮೆ ಹೋಗಿ ನೋಡು ಮಗಾ," ಎಂದರು ಅಪ್ಪ.

"ಬಸ್ಸಿನಲ್ಲಿ ನೇತಾಡಿಕೊಂಡು ಬರುವ ಮೇಷ್ಟ್ರು ಎಂತ ಕಲಿಸುವುದು?"

ಅಪ್ಪ ಟಿಕೆಟಿನ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಹೊರಟರು. ಇಪ್ಪತ್ತು ವರ್ಷದಿಂದ ಬಸ್ಸಿನಲ್ಲಿ ನೇತಾಡಿಕೊಂಡೇ ಬದುಕಿದವರಿಗೆ ಈ ಮಾತು ಹೇಳುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ.

ದಾಖಲೆ ಪರಿಶೀಲನೆಯ ದಿನ ಅಪ್ಪನ ಬಸ್ಸನ್ನು ಬೇಕೆಂದೇ ಬಿಟ್ಟು ಅದರ ಹಿಂದೆ ಬಂದದ್ದರಲ್ಲಿ ಹೋದೆ. ಕಚೇರಿಯಲ್ಲಿ ಗುಮಾಸ್ತರು ನನ್ನ ಎರಡು ಮಾರ್ಕ್ಸ್ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಹತ್ತನೆಯದರಲ್ಲಿ ಇನಿಶಿಯಲ್ ಹೆಸರಿನ ಮುಂದೆ ಉಂಟು. ಡಿಗ್ರಿಯದರಲ್ಲಿ ಹಿಂದೆ ಉಂಟು. ಎರಡೂ ನೀವೇ ಅಂತ ಎಂತ ಗ್ಯಾರಂಟಿ?"

ಅಫಿಡವಿಟ್ ಬೇಕಂತೆ. ಸಾಲಿನಲ್ಲಿ ನನ್ನ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರೂ ಬಾರದ ಈ ಕಾಲೇಜಿಗೆ ಇನ್ನೊಬ್ಬಳ ಹೆಸರಿನಲ್ಲಿ ನುಸುಳಿ ನನಗೆ ಆಗಬೇಕಾದದ್ದಾದರೂ ಏನು? ಬೈದುಕೊಳ್ಳುತ್ತಲೇ ಕಾರ್ಕಳಕ್ಕೆ ಹೋಗಿ ನೋಟರಿಯಿಂದ ಮಾಡಿಸಿ ತಂದೆ. ಗುಮಾಸ್ತರು ಅದನ್ನು ಬಿಡಿಸಿಯೂ ನೋಡದೆ ಫೈಲಿಗೆ ಸೇರಿಸಿ, ವಿಭಾಗದ ಮುಖ್ಯಸ್ಥರ ಕೋಣೆ ತೋರಿಸಿದರು.

ಮುಖ್ಯಸ್ಥರೆಂದರೆ ಅಪ್ಪ ಹೇಳಿದ ಮೇಷ್ಟ್ರೇ. ಬುತ್ತಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು.

"ಈ ಕೇಂದ್ರಕ್ಕೇ ಯಾಕೆ ಅರ್ಜಿ ಹಾಕಿದಿರಿ?"

"ಬೇರೆಲ್ಲೂ ಸಿಗಲಿಲ್ಲ ಸರ್," ಎಂದೆ. ನೋಯಿಸಬೇಕೆಂದೇ ಹೇಳಿದ್ದು.

"ನನಗೂ ಹಾಗೆಯೇ ಆದದ್ದು. ಕೂತುಕೊಳ್ಳಿ."

ಅವರ ಮುಖದಲ್ಲಿ ನಗುವಿರಲಿಲ್ಲ. ಆಮೇಲೆ ವಿಷಯ ತಿಳಿಸಿದರು. ಹತ್ತು ಮಂದಿಯಾದರೂ ಸೇರದಿದ್ದರೆ ಈ ವರ್ಷ ಅರ್ಥಶಾಸ್ತ್ರ ನಡೆಸುವುದಿಲ್ಲವೆಂದು ಮೇಲಿನಿಂದ ಪತ್ರ ಬಂದಿತ್ತು. ನಾನು ಒಂಬತ್ತನೆಯವಳು. ಅರ್ಜಿ ಹಾಕಿ ಬಾರದೆ ಉಳಿದವರ ಪಟ್ಟಿಯನ್ನು ನನ್ನತ್ತ ಸರಿಸಿದರು.

"ನಾನು ಫೋನ್ ಮಾಡಿದರೆ ಯಾರೂ ಸರಿಯಾಗಿ ಮಾತಾಡುವುದಿಲ್ಲ. ನೀವೊಮ್ಮೆ ಮಾಡಿ ನೋಡಿ, ಆಗದಾ?"

ವರಾಂಡದಲ್ಲಿ ನಿಂತು ಒಬ್ಬೊಬ್ಬರಿಗೇ ಮಾಡಿದೆ. ಕೆಲವರು ಎತ್ತಲಿಲ್ಲ. ಬನ್ನಂಜೆಯ ಹುಡುಗಿಯೊಬ್ಬಳು ಎತ್ತಿದಳು. "ಆ ಕಾಲೇಜಾ? ಎಲ್ಲಿಯೂ ಸಿಗದವರು ಹೋಗುವುದಲ್ವಾ ಅಲ್ಲಿಗೆ?"

ಮೈಯೆಲ್ಲ ಉರಿಯಿತು. ಅವಳಿಗೆ ಎಷ್ಟು ಧಿಮಾಕು ಎಂದುಕೊಂಡೆ. ನಾನು ಒಳಗೆ ಅದನ್ನೇ ಹೇಳಿ ಬಂದು ಹತ್ತು ನಿಮಿಷವೂ ಆಗಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಕಾಪುವಿನ ಬ್ಯಾರಿ ಹೆಂಗಸೊಬ್ಬರು. ಹಿಂದಿನಿಂದ ಮಗು ಅಳುವುದು ಕೇಳುತ್ತಿತ್ತು. ಗಂಡ ಗಲ್ಫಿನಲ್ಲಿ, ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ ಎಂದರು. "ಆದರೆ ಕ್ಲಾಸು ಎಷ್ಟು ಗಂಟೆಗೆ ಬಿಡುತ್ತದೆ? ನಾಲ್ಕೂವರೆಗೆ ಮನೆಯಲ್ಲಿರಬೇಕು ನಾನು."

"ಮೂರಕ್ಕೇ ಬಿಡುತ್ತಾರೆ," ಎಂದೆ. ನನಗೇನೂ ಗೊತ್ತಿರಲಿಲ್ಲ.

"ಅಲ್ಲಿ ಕಲಿಸುವವರು ಹೇಗೆ?"

"ಒಳ್ಳೆಯ ಜನ," ಎಂದುಬಿಟ್ಟೆ.

ಮರುದಿನ ಅವರು ಬಂದು ಸೇರಿದರು, ತರಗತಿ ಶುರುವಾಯಿತು. ಮೂರಕ್ಕೆ ಬಿಡುವಂತೆ ಮೇಷ್ಟ್ರು ವೇಳಾಪಟ್ಟಿಯನ್ನೇ ತಿದ್ದಿದರು. ಎರಡು ವರ್ಷದ ಕೊನೆಗೆ ಆ ಹೆಂಗಸು ನಮ್ಮೆಲ್ಲರಿಗಿಂತ ಮೇಲೆ ಬಂದರು. ಡಿಸ್ಟಿಂಕ್ಷನ್ನಿನ ನಾನು ಹತ್ತು ಮಂದಿಯಲ್ಲಿ ಏಳನೆಯವಳಾಗಿದ್ದೆ.

ಎಂ.ಎ. ಎಲ್ಲಿ ಮಾಡಿದ್ದು ಎಂದು ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ನಾನು ಇವತ್ತಿಗೂ ವಿಶ್ವವಿದ್ಯಾನಿಲಯದ ಹೆಸರಷ್ಟೇ ಹೇಳಿ ಊಟದ ಸುದ್ದಿ ತೆಗೆಯುತ್ತೇನೆ. ಕೇಂದ್ರದ ಹೆಸರು ಬಾಯಿಗೆ ಬರುವುದಿಲ್ಲ. ಅಷ್ಟು ಸಣ್ಣತನ ನನ್ನಲ್ಲಿ ಇನ್ನೂ ಉಂಟು.