ಗೋಣಿತಟ್ಟಿನ ಬಿಳಿ ಗೆರೆಗಳು

ನಾನು ನಿಂತಿದ್ದದ್ದು ವರಾಂಡದಲ್ಲಿ, ಪ್ರಯೋಗಾಲಯದ ಎರಡನೆಯ ಕಿಟಕಿಯ ಹೊರಗೆ. ಎಂಟು ವರ್ಷದ ಹಿಂದಿನ ಏಪ್ರಿಲ್, ಮಂಗಳವಾರ, ಮಧ್ಯಾಹ್ನ ಎರಡೂವರೆ. ಹೋದ ವಾರ ಸವಣೂರಿನ ಸಂತೆಯಲ್ಲಿ ವೀಳ್ಯದೆಲೆ ಮಾರುವವರೊಬ್ಬರು ಬುಟ್ಟಿಯ ಮೇಲಿನ ಹಸಿ ಗೋಣಿತಟ್ಟನ್ನು ಎತ್ತಿದರು. ಆ ವಾಸನೆ ನನ್ನನ್ನು ಮತ್ತೆ ಅದೇ ಕಿಟಕಿಯ ಬಳಿ ತಂದು ನಿಲ್ಲಿಸಿತು…

ಆಗ ನಾವು ಮೂವರು ಶಿಗ್ಗಾಂವದಲ್ಲಿ ಎಂ.ಎಸ್ಸಿ. ಓದುತ್ತಿದ್ದೆವು. ಹಾನಗಲ್ಲ, ಹಿರೇಕೆರೂರಿನ ಕಚೇರಿಗಳು ಮೂಲೆಗೆ ಹಾಕಿದ್ದ ಹದಿನಾಲ್ಕು ಕಂಪ್ಯೂಟರುಗಳನ್ನು ಬೇಡಿ ತಂದು, ಕವಚ ಬಿಚ್ಚಿ, ಕಿರಾಣಿ ಅಂಗಡಿಯ ಕಬ್ಬಿಣದ ರ‍್ಯಾಕಿನಲ್ಲಿ ಜೋಡಿಸಿದ್ದೆವು. ಎಲ್ಲವೂ ಸೇರಿ ಒಂದೇ ದೊಡ್ಡ ಯಂತ್ರದಂತೆ ಲೆಕ್ಕ ಮಾಡಬೇಕು. ನಮ್ಮಲ್ಲಿ ಅಬಲೂರಿನ ಶೋಭಾಳ ಸಂಶೋಧನೆ ಅಂತರ್ಜಲದ್ದು. ಅವಳ ಒಂದು ಲೆಕ್ಕ ಮುಗಿಯಲು ಮೂರು ವಾರ ಯಂತ್ರ ನಿಲ್ಲದೆ ಓಡಬೇಕಿತ್ತು.

ಪ್ರಯೋಗಾಲಯದ ಕೀಲಿ ಶೋಭಾ, ಹಾನಗಲ್ಲಿನ ಬಸವರಾಜ, ನಾನು, ಹೀಗೆ ಮೂವರ ಬಳಿ ಇತ್ತು. ನಾಲ್ಕನೆಯದು ಅಟೆಂಡರ್ ಕಾಕಾ ಅವರ ಬಳಿ. ಸವಣೂರಿನ ಎಲೆತೋಟದಲ್ಲಿ ದುಡಿದು ಬಂದವರು. ಗುತ್ತಿಗೆಯ ನೌಕರಿ, ವಿಭಾಗದ ಮುಖ್ಯಸ್ಥರ ಒಂದು ಮಾತಿಗೆ ಹೋಗುವಂಥದ್ದು. ಪಡುವಣ ಕಿಟಕಿಗಳಿಗೆ ಅವರು ಗೋಣಿತಟ್ಟು ತೂಗುಹಾಕಿದ್ದರು. ಬಿಸಿಲಿಗೆ ಮರೆ ಎಂದುಕೊಂಡಿದ್ದೆವು.

ಜೋಡಿಸಿದ ಹದಿನೈದು ದಿನದಲ್ಲಿ, ಶೋಭಾಳ ಲೆಕ್ಕ ಶುರುವಾಗುವ ಮೊದಲೇ, ಎರಡು ಯಂತ್ರ ಸತ್ತವು. ಅಂದಿನಿಂದ ನಾನು ಕಾಕಾ ಅವರ ಮೇಲೆ ಕಣ್ಣಿಟ್ಟೆ. ನಾವು ಊಟಕ್ಕೆ ಹೋದಾಗಲೇ ಇವರೇಕೆ ಒಳಗೆ ಹೋಗುತ್ತಾರೆ? ಹೊಸ್ತಿಲ ಮೇಲೆ ಹಸಿ ಹೆಜ್ಜೆ ಯಾರದು? ಒಳಗೆ ನೀರು ತರಬಾರದೆಂದು ಬಾಗಿಲ ಮೇಲೆ ದೊಡ್ಡದಾಗಿ ಬರೆದು ಅಂಟಿಸಿತ್ತು.

"ಏನ್ ಕಾಕಾ, ಎಲಿಬಳ್ಳಿ ಅಂತ ತಿಳಿದೀರೇನು? ನೀರು ಹಾಕಿದ್ರ ಚಿಗಿಯೂದಿಲ್ರಿ ಇವು," ಎಂದು ಬಸವರಾಜ ಕೆಣಕಿದ.

ಕಾಕಾ ನಗಲಿಲ್ಲ. "ಕೈ ಇಟ್ಟು ನೋಡು ತಮ್ಮಾ, ರೊಟ್ಟಿ ಹಂಚಿನಂಗ ಕಾದಾವು."

ಮಾತು ಮರೆಸುತ್ತಿದ್ದಾರೆ ಅನ್ನಿಸಿತು.

ಆ ಮಂಗಳವಾರ ತಟ್ಟಿಲ್ಲದ ವರಾಂಡದ ಕಿಟಕಿಯಿಂದ ಕಂಡದ್ದು ಇಷ್ಟು. ಕಾಕಾ ರ‍್ಯಾಕಿನ ಪಕ್ಕದಲ್ಲಿದ್ದರು, ಬೆನ್ನು ನನ್ನ ಕಡೆ. ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಕೊಡ. ಕೊಡ ಬಾಗಿತು. ನೀರು ಎಲ್ಲಿ ಬಿತ್ತೋ ಕಾಣಲಿಲ್ಲ. ನಾನು ಕಾಯಲೂ ಇಲ್ಲ, ಸೀದಾ ಮುಖ್ಯಸ್ಥರ ಕೋಣೆಗೆ ಹೋದೆ.

"ನೀರು ಹಾಕೂದು ಕಣ್ಣಾರೆ ಕಂಡಿಯೇನಪಾ?" ಎಂದರು ಅವರು.

"ಕಂಡೇನ್ರಿ ಸರ್. ಕೊಡ ಬಗ್ಗಿಸಿದ್ರು."

ಯಾತರ ಮೇಲೆ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ನೀರು ತಂದದ್ದನ್ನು ಕಾಕಾ ಒಪ್ಪಿಕೊಂಡರಂತೆ. ಮುಂದಿನ ಮಾತನ್ನು ಮುಖ್ಯಸ್ಥರು ಕೇಳಿಸಿಕೊಳ್ಳಲಿಲ್ಲ, ಕೆಲಸದಿಂದ ತೆಗೆದರು. ಸಂಜೆ ಕಾಕಾ ತಮ್ಮ ಕೀಲಿಯನ್ನು ಶೋಭಾಳ ಕೈಗಿಟ್ಟು, "ತಟ್ಟು ಒಣಗಾಕ ಬಿಡಬ್ಯಾಡ್ರಿ ಯವ್ವಾ," ಎಂದು ಹೊರಟುಹೋದರು. ಅದು ನಮಗೆ ಅರ್ಥವಾಗಲಿಲ್ಲ.

ನಾಲ್ಕು ದಿನ ಕಳೆದವು. ಕೋಣೆ ಕಾದು ಯಂತ್ರಗಳು ಒಂದೊಂದಾಗಿ ಬಂದಾದವು. ಹದಿನೇಳು ದಿನ ಓಡಿದ್ದ ಶೋಭಾಳ ಲೆಕ್ಕ ನಡುವೆಯೇ ನಿಂತಿತು. ಅವಳು ಅಳಲಿಲ್ಲ, ಎದ್ದು ಹೋಗಿ ಗೋಣಿತಟ್ಟನ್ನು ಮುಟ್ಟಿದಳು. ನಮ್ಮ ಬೋರಿನದು ಉಪ್ಪು ನೀರು, ಆರಿದಲ್ಲೆಲ್ಲ ಬಿಳಿ ಕಲೆ ಉಳಿಸುತ್ತದೆ. ತಟ್ಟಿನ ಮೇಲೆ ತುದಿಯಿಂದ ಬುಡದವರೆಗೆ ಬಿಳಿ ಗೆರೆಗಳಿದ್ದವು. ರ‍್ಯಾಕನ್ನು ನಾವು ಇಂಚಿಂಚು ನೋಡಿದೆವು. ಒಂದು ಬಿಳಿ ಚುಕ್ಕೆಯೂ ಇರಲಿಲ್ಲ. ಹಸಿ ತಟ್ಟು ಹೊದಿಸಿ ಎಲೆಬುಟ್ಟಿಯನ್ನು ತಂಪಾಗಿಡುವಂತೆ ಕಾಕಾ ಕೋಣೆಯನ್ನು ತಂಪಾಗಿಟ್ಟಿದ್ದರು. ಮೊದಲ ಎರಡು ಯಂತ್ರ ಯಾಕೆ ಸತ್ತವೋ ನನಗೆ ಇಂದಿಗೂ ಗೊತ್ತಿಲ್ಲ.

ಮುಖ್ಯಸ್ಥರಿಗೆ ಇದನ್ನು ಹೇಳಿದೆ. ಕಾಕಾ ಅವರ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಸವಣೂರಿಗೆ ಬಸ್ಸಿನಲ್ಲಿ ಒಂದು ತಾಸೂ ಬೇಡ. ನಾನು ಹೋಗಲಿಲ್ಲ…

ಶಿಗ್ಗಾಂವದಲ್ಲಿ ಅಟೆಂಡರ್ ಆಗಿದ್ದ ಕಾಕಾ ಈಗ ಎಲ್ಲಿದ್ದಾರೆ ಎಂದು ಹೋದ ವಾರ ಆ ಎಲೆ ಮಾರುವವರನ್ನು ಕೇಳಿದೆ. "ಅವರು ತೀರಿ ಎರಡು ವರ್ಷ ಆತಲ್ರಿ," ಎಂದು ತಟ್ಟಿನ ಮೇಲೆ ನೀರು ಚಿಮುಕಿಸಿದರು.

ಆ ಮಧ್ಯಾಹ್ನ ಕಿಟಕಿಯ ಬಳಿ ನಾನೊಬ್ಬನೇ ಇರಲಿಲ್ಲ. ಬಸವರಾಜ ನನ್ನ ಹೆಗಲ ಹಿಂದೆ ನಿಂತಿದ್ದ. ಕೊಡ ಬಾಗಿದ್ದನ್ನು ಅವನೂ ಕಂಡ. ನೀರು ಯಂತ್ರದ ಮೇಲೆ ಬೀಳುವುದನ್ನು ಅವನೂ ಕಾಣಲಿಲ್ಲ. ಈಗ ಹಿರೇಕೆರೂರಿನಲ್ಲಿ ಪಾಠ ಹೇಳುತ್ತಾನೆ. ಅವನು ಇನ್ನೂ ಇದ್ದಾನೆ, ನಾವು ಕಂಡದ್ದೆಷ್ಟು ಎಂದು ಅವನನ್ನು ಕೇಳಬಹುದು.