ಊಟ ಕೇಳಿದ ಲಾರಿ

ನೆಲಮಂಗಲದ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಲಾರಿಗಳಿಗೆ ಬಣ್ಣ ಬಳಿದು ಅಕ್ಷರ ಬರೆಯುವ ಆಂಜಿನಪ್ಪನಿಗೆ ಸ್ವಂತ ಅಭಿಪ್ರಾಯ ಎಂಬುದೇ ಇರಲಿಲ್ಲ. ಮಾಲೀಕರು ದೇವರ ಹೆಸರು ಹೇಳಿದರೆ ದೇವರ ಹೆಸರು, ಮಕ್ಕಳ ಹೆಸರು ಹೇಳಿದರೆ ಮಕ್ಕಳ ಹೆಸರು. ಮನೆಯಲ್ಲೂ ಅಷ್ಟೆ. ಅಡುಗೆ ಏನು ಮಾಡಲಿ ಎಂದು ಹೆಂಡತಿ ಮುನಿರತ್ನಮ್ಮ ಕೇಳಿದರೆ, ಏನಾದರೂ ಮಾಡು ಎನ್ನುವನು. ರೋಸಿಹೋದ ಆಕೆ ಒಂದು ದಿನ ಹಾಗಲಕಾಯಿ ಪಾಯಸ ಮಾಡಿ ಬಡಿಸಿದಳು. ಆತ ಅದನ್ನೂ ತಿಂದು ಕೈ ತೊಳೆದ.

ಹೀಗಿರುವಾಗ ಕಾಂತರಾಜು ಎಂಬವನು ಹೊಸ ಲಾರಿ ತಂದು ನಿಲ್ಲಿಸಿ, ಹಿಂದುಗಡೆ ನಿನಗೆ ತೋಚಿದ್ದು ಬರಿ ಎಂದು ಹೇಳಿ ಹೊರಟೇಹೋದ. ಆಂಜಿನಪ್ಪ ತಕ್ಷಣ ಹೆಂಡತಿಗೆ ಫೋನ್ ಮಾಡಿ ಏನು ಬರೆಯಲಿ ಎಂದು ಕೇಳಿದ.

"ಏನಾದ್ರೂ ಬರಿ," ಎಂದು ಆಕೆ ಫೋನ್ ಇಟ್ಟಳು.

ಮಧ್ಯಾಹ್ನ ತಿರುಗುವವರೆಗೂ ಬ್ರಷ್ ಹಿಡಿದು ಲಾರಿಯ ಬೆನ್ನನ್ನೇ ದಿಟ್ಟಿಸಿದ. ಹೊಟ್ಟೆ ಚುರುಗುಟ್ಟತೊಡಗಿತು. ಈ ಲಾರಿಯ ಹಿಂದೆ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಬೀಳುವವರ ಹೊಟ್ಟೆಯೂ ಹೀಗೇ ಇರುತ್ತದಲ್ಲ ಎನಿಸಿತು. ಯಾರನ್ನೂ ಕೇಳದೆ ದಪ್ಪ ಹಳದಿ ಅಕ್ಷರದಲ್ಲಿ ಬರೆದ: "ಊಟ ಆಯ್ತಾ?"

ವಾರ ಕಳೆಯುವಷ್ಟರಲ್ಲಿ ಕಾಂತರಾಜು ಕೆಂಡಾಮಂಡಲವಾಗಿ ಬಂದ. ತುಮಕೂರು ರಸ್ತೆಯುದ್ದಕ್ಕೂ ಬೈಕಿನವರು, ಬಸ್ಸಿನವರು ಪಕ್ಕಕ್ಕೆ ಬಂದು, ಆಯ್ತು ಕಣಣ್ಣ, ನಿಂದಾಯ್ತಾ ಎಂದು ವಿಚಾರಿಸುತ್ತಾರಂತೆ. ಟೋಲ್ ಹತ್ತಿರ ಒಬ್ಬಾಕೆ ಚಿತ್ರಾನ್ನವನ್ನೇ ಕೊಟ್ಟುಬಿಟ್ಟಳಂತೆ. ಉತ್ತರ ಹೇಳಿ ಹೇಳಿ ಡ್ರೈವರನ ಗಂಟಲು ಕೂತಿದೆ, ಮೊದಲು ಅದನ್ನು ಅಳಿಸು ಎಂದ.

ಅಳಿಸು ಎಂದರೆ ಅಳಿಸುವುದೇ ಆಂಜಿನಪ್ಪನ ರೂಢಿ. ಥಿನ್ನರ್ ಬಟ್ಟೆ ಕೈಗೆತ್ತಿಕೊಂಡೂ ಆಗಿತ್ತು. ಆದರೆ ತನ್ನದೇ ಅಕ್ಷರಗಳನ್ನು ಕಂಡು ಯಾಕೋ ಮನಸ್ಸು ಬರಲಿಲ್ಲ. ಬಟ್ಟೆ ಬಿಸಾಡಿದ.

"ಅಳ್ಸಲ್ಲ ಕಾಂತರಾಜಣ್ಣ. ಬೇಕಿದ್ರೆ ಕೆಳ್ಗೆ ಇನ್ನೊಂದ್ ಸಾಲು ಹಾಕ್ತೀನಿ."

ಹಾಕಿಯೂ ಹಾಕಿದ: "ಸುಮ್ನೆ ಕೇಳ್ದೆ, ಉತ್ತರ ಬೇಡ." ಬೈಯಲು ಬಾಯಿ ತೆರೆದ ಕಾಂತರಾಜು ನಕ್ಕುಬಿಟ್ಟ.

ಅಲ್ಲಿಂದ ಆಂಜಿನಪ್ಪನನ್ನು ಹಿಡಿಯುವವರಿಲ್ಲ. ಮೊನ್ನೆ ನೀರಿನ ಟ್ಯಾಂಕರ್ ಓಡಿಸುವ ದೇವೇಂದ್ರ ಬಂದು "ಅಮ್ಮನ ಆಶೀರ್ವಾದ" ಎಂದು ಬರೆಯಲು ಹೇಳಿದಾಗ ಸುತಾರಾಂ ಒಪ್ಪಲಿಲ್ಲ.

"ಅದು ಎಲ್ಲಾ ಗಾಡಿ ಮೇಲೂ ಐತೆ. ನಿಮ್ಮಮ್ಮ ನಿನ್ನ ದಿನಾ ಏನಂತ ಬೈತಾರೆ, ಅದ್ ಹೇಳಪ್ಪ."

ದೇವೇಂದ್ರ ನಾಚಿಕೊಂಡು, ತಲೆ ಕೆರೆದುಕೊಂಡು, ಕೊನೆಗೆ ಮೆಲ್ಲಗೆ ಹೇಳಿದ. ಈಗ ಆ ಟ್ಯಾಂಕರು ನೆಲಮಂಗಲದ ಬೀದಿಗಳಲ್ಲಿ ನೀರು ಸೋರಿಸುತ್ತಾ ಓಡಾಡುತ್ತದೆ. ಅದರ ಹಿಂದೆ ನೀಲಿ ಅಕ್ಷರದಲ್ಲಿ, "ಎಲ್ಲಾ ಚೆಲ್ಕೊಂಡ್ ಬಂದ್ಯಾ, ಮುಠ್ಠಾಳ" ಎಂದಿದೆ.