ಕೆಸರೆಗೆ ಬಾರದ ಬಸ್ಸು

ಕೆಸರೆಯ ಹೆಂಗಸರಿಗೆ ಬರಬೇಕಾಗಿದ್ದ ಬಸ್ಸನ್ನು ತಪ್ಪಿಸಿದವನು ನಾನು. ಯಜಮಾನರಲ್ಲ, ಪಾಲಿಕೆಯವರಲ್ಲ — ನಾನು. ಇಷ್ಟು ವರ್ಷ ಯಾರಾದರೂ ಕೇಳಿದರೆ ಆಗಿನ ಪರಿಸ್ಥಿತಿ ಹಾಗಿತ್ತು ಎನ್ನುತ್ತಿದ್ದೆ. ಪರಿಸ್ಥಿತಿಗೆ ಬಾಯಿಲ್ಲವಲ್ಲ, ಏನು ಹೊರಿಸಿದರೂ ಹೊರುತ್ತದೆ.

ತೊಂಬತ್ತರ ದಶಕದ ಕೊನೆ. ಮೈಸೂರಿನ ಒಂದು ಊದುಬತ್ತಿ ಫ್ಯಾಕ್ಟರಿಯಲ್ಲಿ ನಾನು ಮ್ಯಾನೇಜರ್. ಊರಿನಲ್ಲಿ ಸ್ಕೂಟರು, ಕಾರುಗಳ ಹೊಗೆ ಹೆಚ್ಚುತ್ತಿದೆಯೆಂದು ಪಾಲಿಕೆಯವರು ಫ್ಯಾಕ್ಟರಿಯವರನ್ನೆಲ್ಲ ಕರೆದು ಒಂದು ಯೋಜನೆ ಹೇಳಿದರು. ಕೆಲಸಗಾರರು ಸೈಕಲ್‌ನಲ್ಲೋ ಬಸ್ಸಿನಲ್ಲೋ ಬರುವಂತೆ ಮಾಡಿದರೆ ತೆರಿಗೆಯಲ್ಲಿ ರಿಯಾಯಿತಿ. ಬಸ್ಸು ಬೇಕೆಂದವರಿಗೆ ಶಿಫ್ಟಿನ ಹೊತ್ತಿಗೆ ಬಸ್ಸು ಬಿಡಿಸಿಕೊಡುತ್ತಾರೆ. ಟಿಕೆಟ್ಟಿನ ಒಂದು ಪಾಲನ್ನು ಮಾತ್ರ ಫ್ಯಾಕ್ಟರಿ ಕೊಡಬೇಕು. ಒಳ್ಳೆಯ ಯೋಜನೆಯೇ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನಾಗಿದ್ದೆ.

ಸುದ್ದಿ ತಿಳಿದ ಕೂಡಲೇ ಪ್ಯಾಕಿಂಗ್ ವಿಭಾಗದ ಮಹದೇವಮ್ಮ ನನ್ನ ಮೇಜಿನ ಮುಂದೆ ಬಂದು ನಿಂತರು. ಗಂಡ ತೀರಿಕೊಂಡ ಮೇಲೆ ಅವರಿಗೆ ಕೆಲಸ ಕೊಡಿಸಿದ್ದೇ ನಾನು. ಪ್ಯಾಕಿಂಗಿನ ಬೇರೆ ಹೆಂಗಸರಂತೆ ಅವರೂ ಊರಂಚಿನ ಕೆಸರೆಯಿಂದ ದಿನವೂ ನಡೆದು ಬರುತ್ತಿದ್ದರು.

"ಮಂಡಿ ಕೇಳಾಕಿಲ್ಲ ಸಾರ್. ಬಸ್ಸೊಂದು ಬಂದ್ಬುಟ್ರೆ ಮಗಳ ನರ್ಸಿಂಗ್ ಮುಗಿಯೋಗಂಟ ಎಂಗೋ ದುಡ್ಕೊಂಡ್ ಓಯ್ತೀನಿ."

"ಬರುತ್ತೆ ಕಣಮ್ಮ, ನಾನಿದ್ದೀನಲ್ಲ," ಎಂದೆ. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಯಜಮಾನರಿಗೆ ರಿಯಾಯಿತಿ ಬೇಕಿತ್ತು, ಟಿಕೆಟ್ಟಿನ ಪಾಲು ಬೇಡವಾಗಿತ್ತು. "ಸೈಕಲ್ ಅಂತ ತೋರ್ಸೋಕಾಗಲ್ವೇನ್ರೀ?" ಎಂದು ಯಾದವಗಿರಿಯ ತಮ್ಮ ಮನೆಯ ವರಾಂಡದಲ್ಲಿ ಕಾಫಿ ಕುಡಿಯುತ್ತ ಕೇಳಿದರು. ನಮ್ಮಲ್ಲಿ ಸೈಕಲ್ ತುಳಿದು ಬರುವವರು ಬೆರಳೆಣಿಕೆಯಷ್ಟು ಗಂಡಸರು. ಆಗುವುದಿಲ್ಲ ಎಂದಿದ್ದರೆ — ಅವರು ಗೊಣಗಿ ಸುಮ್ಮನಾಗುತ್ತಿದ್ದರೋ ಏನೋ. ನಾನು ಜಾಣನಲ್ಲವೇ?

"ಆಯುಧಪೂಜೆ ದಿನ ಪಾಲಿಕೆ ಆಫೀಸರನ್ನ ಪೂಜೆಗೆ ಕರೆದ್ಬುಡೋಣ ಸಾರ್," ಎಂದೆ.

ನಮ್ಮ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಗೆ ತಕ್ಕಡಿ, ಜರಡಿಗಳ ಜೊತೆ ಕೆಲಸಗಾರರ ಮನೆಯ ಸೈಕಲ್‌ಗಳಿಗೂ ಅಲ್ಲೇ ಪೂಜೆ. ಗಂಡನದು, ಮೈದುನನದು, ಮಕ್ಕಳದು, ತುಕ್ಕು ಹಿಡಿದು ಮೂಲೆ ಸೇರಿದ್ದು — ಎಲ್ಲವೂ ಬರುತ್ತಿದ್ದವು. ಹೆಂಗಸರಿಗೆ ತುಳಿಯಲು ಬಾರದು, ತಳ್ಳಿಕೊಂಡೇ ತರುತ್ತಿದ್ದರು. ಆ ವರ್ಷವೂ ತಂದರು. ಅಂಗಳದ ತುಂಬ ಚೆಂಡುಹೂ ಮುಡಿದ ಸೈಕಲ್‌ಗಳ ಸಾಲು. ಯಜಮಾನರು ಕಾರನ್ನು ರಸ್ತೆಯ ತಿರುವಿನಲ್ಲೇ ಬಿಟ್ಟು ನಡೆದು ಬಂದರು. ನನ್ನ ಸ್ಕೂಟರನ್ನು ಗೋಡೌನಿನ ಹಿಂದೆ ಬಚ್ಚಿಟ್ಟಿದ್ದೆ. ಆ ವರ್ಷ ಅದೊಂದಕ್ಕೇ ಪೂಜೆಯಿಲ್ಲ.

ಆಫೀಸರು ನಿಜವಾಗಿ ಸಂತೋಷಪಟ್ಟರು. ಅವರ ಆ ಸಂತೋಷ ನೆನೆದರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ. "ಇವರೆಲ್ಲ ದಿನಾ ಇದ್ರಲ್ಲೇ ಬರೋದಾ?" ಎಂದು ಕೇಳಿದರು.

"ಹೌದು ಸಾರ್, ದಿನಾ. ನಮಗೆ ಬಸ್ಸಿನ ಅಗತ್ಯಾನೇ ಬೀಳಲ್ಲ."

ಆ ಕಡೆಯ ಮಾತನ್ನು ಹೇಳೆಂದು ನನಗೆ ಯಾರೂ ಹೇಳಿರಲಿಲ್ಲ. ಒಳ್ಳೆಯ ನೌಕರನೆನಿಸಿಕೊಳ್ಳುವ ಚಪಲ — ಬೇರೇನೂ ಅಲ್ಲ. ಪಕ್ಕದಲ್ಲೇ ಮಹದೇವಮ್ಮ ತೀರಿಹೋದ ಗಂಡನ ಸೈಕಲ್ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಸುಮ್ಮನಿರು ಎಂದೆ. ಕೆಲಸ ಕೊಡಿಸಿದವನ ಕಣ್ಣು ಅದು. ಅವರು ತಲೆ ತಗ್ಗಿಸಿದರು.

ರಿಯಾಯಿತಿ ಬಂತು. ಬಸ್ಸು ಬೇರೊಂದು ಫ್ಯಾಕ್ಟರಿಯ ಪಾಲಾಯಿತು. ಕೆಸರೆಯ ಹೆಂಗಸರು ತಾವಾಗಿಯೇ ಪಾಲಿಕೆಗೆ ಹೋಗಿ ಬಸ್ಸು ಕೇಳಿದಾಗ, ನಿಮ್ಮಲ್ಲೆಲ್ಲ ಸೈಕಲ್ಲಿದೆಯಲ್ಲ ಎಂದು ಹೇಳಿ ಕಳಿಸಿದರಂತೆ. ಕಣ್ಣಾರೆ ಕಂಡವರು ಮತ್ತೇನು ಹೇಳಿಯಾರು? ಬೈಗುಳವೆಲ್ಲ ಪಾಲಿಕೆಗೆ ಹೋಯಿತು. ಕ್ಯಾಂಟೀನಿನಲ್ಲಿ ಕುಳಿತು ನಾನೂ ಅವರ ಜೊತೆ ಬೈದೆ.

ಮಹದೇವಮ್ಮ ಮುಂದಿನ ಮಳೆಗಾಲದವರೆಗೆ ನಡೆದರು. ಆಮೇಲೆ ಮಂಡಿ ಊದಿ, ಎದ್ದು ನಿಲ್ಲುವುದೇ ಕಷ್ಟವಾಯಿತು. ಮಗಳು ನರ್ಸಿಂಗ್ ಅರ್ಧಕ್ಕೆ ಬಿಟ್ಟು ತಾಯಿಯ ಜಾಗಕ್ಕೆ ಬಂದಳು. ಕೊಡಿಸಿದವನು ನಾನೇ. ಅದನ್ನೂ ಉಪಕಾರವೆಂದು ಎಲ್ಲರೂ ಹೊಗಳಿದರು, ನಾನು ಬೇಡವೆನ್ನಲಿಲ್ಲ. ಅವಳೂ ಕೆಸರೆಯಿಂದ ನಡೆದೇ ಬರುತ್ತಿದ್ದಳು. ಸ್ಕೂಟರಿನಲ್ಲಿ ಅವಳನ್ನು ದಾಟಿ ಹೋಗುವಾಗ ನಾನು ರಸ್ತೆಯ ಆ ಕಡೆ ನೋಡುತ್ತಿದ್ದೆ.

ಮಗಳನ್ನು ಸೇರಿಸಲು ಬಂದ ದಿನ ಮಹದೇವಮ್ಮ ಬಾಗಿಲು ಹಿಡಿದು ನಿಂತರು. ಈಗ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆವತ್ತು ಪೂಜೆ ದಿನ ನಾನೂ ಬಾಯ್ಬುಟ್ಟು ಯೋಳ್ಬೇಕಾಗಿತ್ತು ಸಾರ್," ಎಂದರು. "ಸುಮ್ಕೆ ನಿಂತ್ಬುಟ್ಟೆ. ನನ್ನಿಂದ ಎಲ್ರಿಗೂ ಬಸ್ ತಪ್ಪೋಯ್ತು. ತಪ್ಪಾಯ್ತು ಸಾರ್."

ತಪ್ಪು ನಿಮ್ಮದಲ್ಲ ಎನ್ನಬೇಕಿತ್ತು. ನಾನು ಕುಳಿತಲ್ಲಿಂದಲೇ "ಹೋಗ್ಲಿ ಬಿಡಮ್ಮ" ಎಂದು ಅವರನ್ನು ಕ್ಷಮಿಸಿ ಕಳಿಸಿದೆ.